ಕೆನಡಾ: ಅಂಚೆಯಲ್ಲಿ ಬಂದ ನಿರ್ಬಂಧಿತ ಬಂದೂಕನ್ನು ಪೋಸ್ಟ್ ಆಫೀಸಿನಿಂದ ಮನೆಗೆ ತರಲು ಎಟಿಟಿ ಬೇಕೇ?

ಹಿಮದಹಾದಿ

ಈ ಪ್ರಶ್ನೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಉತ್ತರ ಸಿಗುತ್ತಿದೆ. ಒಂದೇ ಕಡೆ ಬಗೆಹರಿಯಲಿ ಅಂತ ಈ ಎಳೆ.

ಕೊಳ್ಳುವವರು ಒಂಟಾರಿಯೋದಲ್ಲಿದ್ದಾರೆ, ನಿರ್ಬಂಧಿತ ಬಂದೂಕಿಗೆ ಬೇಕಾದ ಪರವಾನಗಿ, ಅಂದರೆ ಆರ್‌ಪಾಲ್, ಇದೆ. ಮಾರುವ ಅಂಗಡಿ ಮ್ಯಾನಿಟೋಬಾದಲ್ಲಿದೆ. ವಸ್ತು ಪಿಸ್ತೂಲಲ್ಲ. ಹಿಡಿಕೆ ಮಡಚಿದಾಗ 660 ಮಿ.ಮೀ.ಗಿಂತ ಗಿಡ್ಡವಾಗುವ, ಹಾಗೆ ಮಡಚಿಯೂ ಗುಂಡು ಹಾರಿಸಬಹುದಾದ .22 ರೈಫಲ್. ಅಂದರೆ ನಿರ್ಬಂಧಿತ ವರ್ಗ. ಪಾರ್ಸಲ್ ಮನೆಗೆ ಬಂದಾಗ ಯಾರೂ ಇರಲಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿ ಪಾರ್ಸಲನ್ನು ಹತ್ತಿರದ ಔಷಧಿ ಅಂಗಡಿಯೊಳಗಿನ ಪೋಸ್ಟಲ್ ಔಟ್‌ಲೆಟ್‌ಗೆ ಒಯ್ದಿದ್ದಾರೆ.

ಅಲ್ಲಿಂದ ಮನೆಗೆ ತರಲು ಪ್ರತ್ಯೇಕ ಸಾಗಣೆ ಅನುಮತಿ, ಅಂದರೆ ಎಟಿಟಿ, ಬೇಕೇ? ‘2015ರಿಂದ ಎಲ್ಲವೂ ತಾನಾಗಿಯೇ ಸಿಗುತ್ತದೆ, ಏನೂ ಬೇಡ’ ಅಂತ ಒಬ್ಬರು. ‘2021ರ ನಂತರ ಎಲ್ಲವೂ ರದ್ದು, ಪೋಸ್ಟ್ ಆಫೀಸಿಗೂ ಬೇಕು’ ಅಂತ ಇನ್ನೊಬ್ಬರು. ‘ಪಾರ್ಸಲ್ ಬಿಚ್ಚುವ ತನಕ ಅದು ಅಂಚೆ ಇಲಾಖೆಯದೇ, ಹಾಗಾಗಿ ಕಾನೂನು ಅನ್ವಯಿಸುವುದೇ ಇಲ್ಲ’ ಅಂತ ಮೂರನೆಯವರು.

ಕಲಂಗಾರ

ಮೂರನೆಯದನ್ನು ಮೊದಲು ಕಸದ ಬುಟ್ಟಿಗೆ ಹಾಕೋಣ. ಸಹಿ ಮಾಡಿ ಕೈಗೆ ತೆಗೆದುಕೊಂಡ ಕ್ಷಣದಿಂದ ಅದು ನಿಮ್ಮ ವಶದಲ್ಲಿದೆ. ಟೇಪ್ ಬಿಚ್ಚಿದ್ದೀರೋ ಇಲ್ಲವೋ ಎನ್ನುವುದು ಕಾನೂನಿಗೆ ಬೇಕಿಲ್ಲ.

ಮೊದಲ ಇಬ್ಬರು ಒಂದೊಂದು ಕಾಲದ ಅರ್ಧ ಸತ್ಯ ಹೇಳುತ್ತಿದ್ದಾರೆ. 2015ರ ಸಿ-42 ಕಾನೂನು ನಿರ್ಬಂಧಿತ ಪರವಾನಗಿಯ ಜೊತೆಗೇ ಹಲವು ಸಾಗಣೆ ಅನುಮತಿಗಳನ್ನು ಅಂಟಿಸಿಕೊಟ್ಟಿತು: ರೇಂಜ್ (ಗುರಿ ಅಭ್ಯಾಸದ ಜಾಗ), ರಿಪೇರಿ ಅಂಗಡಿ, ಗನ್ ಶೋ, ಪೊಲೀಸ್ ಠಾಣೆ, ಗಡಿ ದ್ವಾರ. ಸಿ-71 ಕಾನೂನು 2019ರ ಜೂನ್ 21ರಂದು ಅಂಗೀಕಾರವಾಯಿತು. ಅದರ ಎಟಿಟಿ ಭಾಗ ಜಾರಿಗೆ ಬಂದದ್ದು 2021ರ ಜುಲೈ 7ರಂದು. ಆ ದಿನದಿಂದ ತಾನಾಗಿ ಸಿಗುವುದು ಎರಡೇ. ಒಂದು, ನೀವು ವಾಸಿಸುವ ಪ್ರಾಂತ್ಯದೊಳಗಿನ ಅನುಮೋದಿತ ಕ್ಲಬ್ ಮತ್ತು ರೇಂಜ್‌ಗಳಿಗೆ ಹೋಗಿ ಬರುವುದು. ಎರಡು, ಹೊಸದಾಗಿ ವರ್ಗಾವಣೆಯಾದ ಬಂದೂಕನ್ನು ಅದು ನಿಮ್ಮ ಕೈಸೇರಿದ ಜಾಗದಿಂದ ಇಟ್ಟುಕೊಳ್ಳಬೇಕಾದ ಜಾಗಕ್ಕೆ ಒಯ್ಯುವುದು. ಇದೂ ನಿಮ್ಮ ಪ್ರಾಂತ್ಯದೊಳಗೆ ಮಾತ್ರ.

ಈ ಎರಡನೆಯದೇ ನಿಮ್ಮ ಉತ್ತರ. ಫೈರ್‌ಆರ್ಮ್ಸ್ ಕಾಯ್ದೆಯ 19ನೇ ಕಲಮಿನಲ್ಲಿ ‘ಅಂಗಡಿ’ ಎಂಬ ಮಾತಿಲ್ಲ, ಕೈಸೇರಿದ ಸ್ಥಳ ಎಂಬರ್ಥದ ಮಾತಿದೆ. ಅಂಚೆಯಲ್ಲಿ ಬಂದದ್ದು ನಿಮ್ಮ ಕೈಸೇರುವುದು ಸಹಿ ಹಾಕಿದ ಕೌಂಟರಿನಲ್ಲಿ. ಆ ಕೌಂಟರ್ ನಿಮ್ಮ ಪ್ರಾಂತ್ಯದಲ್ಲೇ ಇದ್ದು, ವರ್ಗಾವಣೆಗೆ ಸಿಎಫ್‌ಒ, ಅಂದರೆ ಪ್ರಾಂತ್ಯದ ಮುಖ್ಯ ಬಂದೂಕು ಅಧಿಕಾರಿಯ, ಒಪ್ಪಿಗೆ ಸಿಕ್ಕಿದ್ದರೆ ಮನೆಯ ದಾರಿ ಆ ಅನುಮತಿಯೊಳಗೇ ಬರುತ್ತದೆ.

ಬೀಗಮುದ್ರೆ

ಕಲಂಗಾರರ ಓದು ಸರಿ. ಆದರೆ ‘ತಾನಾಗಿ’ ಅಂದರೆ ‘ಕಾಗದವಿಲ್ಲದೆ’ ಅಂತಲ್ಲ. ಅದು ಪರವಾನಗಿಯ ಷರತ್ತಾಗಿ ದಾಖಲಾಗಿರುತ್ತದೆ, ಹೊಸ ವರ್ಗಾವಣೆಯಲ್ಲಿ ಅದರ ಜೊತೆಗೇ ಬರುತ್ತದೆ. ಕೌಂಟರಿಗೆ ಹೋಗುವ ಮುಂಚೆ ಆ ಷರತ್ತಿನ ಪತ್ರದಲ್ಲಿ ಮೂರು ಸಂಗತಿ ಓದಿ: ಬಂದೂಕಿನ ಕ್ರಮಸಂಖ್ಯೆ, ಎಲ್ಲಿಂದ ಎಲ್ಲಿಗೆ, ಎಂದಿನಿಂದ ಎಂದಿನವರೆಗೆ. ಪಾರ್ಸಲ್ ತಡವಾಗಿ ದಿನಾಂಕ ಮೀರಿದ್ದರೆ ಮೊದಲು ಸಿಎಫ್‌ಒ ಕಚೇರಿಗೆ ಫೋನ್ ಮಾಡಬೇಕು. 2024ರ ನವೆಂಬರ್ 15ರಿಂದ ಡಿಸೆಂಬರ್ 17ರವರೆಗೆ ಕೆನಡಾ ಪೋಸ್ಟ್ ಮುಷ್ಕರ ನಡೆದಾಗ ಪಾರ್ಸಲ್‌ಗಳು ವಾರಗಟ್ಟಲೆ ಇದ್ದಲ್ಲೇ ಇದ್ದವು. ಅಂಥ ಹೊತ್ತಿನಲ್ಲಿ ಹಳೆಯ ದಿನಾಂಕದ ಕಾಗದ ಹಿಡಿದು ಹೋಗುವುದು ಬೇಡ.

ಜೇಬಿನಲ್ಲಿ ಪರವಾನಗಿ, ನೋಂದಣಿ ಪ್ರಮಾಣಪತ್ರ, ಎಟಿಟಿ ಷರತ್ತಿನ ಮುದ್ರಿತ ಪ್ರತಿ ಇರಲಿ. ಫೋನಿನಲ್ಲಿ ಚಿತ್ರ ಇದೆ ಅಂತ ಸುಮ್ಮನಿರಬೇಡಿ. ಉತ್ತರ ಒಂಟಾರಿಯೋದ ಹೆದ್ದಾರಿಗಳಲ್ಲಿ ಸಿಗ್ನಲ್ ಸಿಗದ ಜಾಗ ಬೇಕಾದಷ್ಟಿವೆ.

ಪ್ರೇರಿಗಾಳಿ

ಒಂದು ತಕರಾರು. ಒಂಟಾರಿಯೋ, ಕ್ವಿಬೆಕ್, ಆಲ್ಬರ್ಟಾ, ಸಸ್ಕಾಚೆವಾನ್‌ಗಳಲ್ಲಿ ಸಿಎಫ್‌ಒರನ್ನು ಪ್ರಾಂತ್ಯವೇ ನೇಮಿಸುತ್ತದೆ. ಬ್ರಿಟಿಷ್ ಕೊಲಂಬಿಯಾ, ಮ್ಯಾನಿಟೋಬಾಗಳಲ್ಲಿ ನೇಮಕ ಕೇಂದ್ರದ್ದು. ಕಾಯ್ದೆ ಒಂದೇ ಆದರೂ ವರ್ಗಾವಣೆ ಹೊತ್ತಿನಲ್ಲಿ ಕೇಳುವ ಪ್ರಶ್ನೆ, ದಾಖಲೆ, ತೆಗೆದುಕೊಳ್ಳುವ ಸಮಯ ಕಚೇರಿಯಿಂದ ಕಚೇರಿಗೆ ಬೇರೆ. ಹಾಗಾಗಿ ‘ಕ್ಯಾಲ್ಗರಿಯಲ್ಲಿ ಹೀಗೆ ಹೇಳಿದರು’ ಎನ್ನುವುದು ಬ್ರಾಂಪ್ಟನ್ನಿನವರಿಗೆ ಆಧಾರವಲ್ಲ. ನಿಮ್ಮ ಪ್ರಾಂತ್ಯದ ಕಚೇರಿಯನ್ನೇ ಕೇಳಿ, ಆದಷ್ಟೂ ಇಮೇಲಿನಲ್ಲಿ. ಫೋನಿನಲ್ಲಿ ಸಿಕ್ಕ ಉತ್ತರವನ್ನು ಆಮೇಲೆ ತೋರಿಸಲಾಗುವುದಿಲ್ಲ.

ಕಲಂಗಾರ

ಒಪ್ಪಿದೆ. ಆದರೆ ಕಚೇರಿಯ ಅಭ್ಯಾಸ ಬೇರೆ, ಕಾಯ್ದೆಯ ಮಾತು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಈ ವಿಷಯದಲ್ಲಿ ಇಷ್ಟು ಗದ್ದಲ.

ಬಹಳ ಜನ ತಪ್ಪುವುದು ಇನ್ನೊಂದು ಕಡೆ. ಇಲ್ಲಿ ಅನುಮತಿಗಳು ಮೂರು. ಪರವಾನಗಿ ಮನುಷ್ಯನಿಗೆ, ನೋಂದಣಿ ಬಂದೂಕಿಗೆ, ಎಟಿಟಿ ದಾರಿಗೆ. ಆರ್‌ಪಾಲ್ ಕೈಯಲ್ಲಿದೆ ಅಂದ ಮಾತ್ರಕ್ಕೆ ನಿರ್ಬಂಧಿತ ಬಂದೂಕನ್ನು ಊರೆಲ್ಲ ಒಯ್ಯಬಹುದು ಅಂತಲ್ಲ. 17ನೇ ಕಲಮಿನ ಪ್ರಕಾರ ಅದು ಇರಬೇಕಾದದ್ದು ನೋಂದಣಿಯಲ್ಲಿ ದಾಖಲಾದ ನಿಮ್ಮ ವಾಸದ ಮನೆಯಲ್ಲಿ, ಇಲ್ಲವೇ ಸಿಎಫ್‌ಒ ಒಪ್ಪಿದ ಜಾಗದಲ್ಲಿ. ಬೇರೆಲ್ಲೇ ಇದ್ದರೂ ಅದಕ್ಕೊಂದು ಕಾರಣ, ಅದಕ್ಕೊಂದು ಕಾಗದ ಬೇಕು. ಸಾಮಾನ್ಯ ಬೇಟೆ ರೈಫಲ್‌ಗೆ ಈ ರಗಳೆ ಇಲ್ಲ. ಹಾಗಾಗಿ ಸಾಮಾನ್ಯ ಪರವಾನಗಿಯಾದ ಪಾಲ್‌ನಿಂದ ಆರ್‌ಪಾಲ್‌ಗೆ ಬಂದವರೇ ಹೆಚ್ಚು ಎಡವುತ್ತಾರೆ.

ಹಿಮದಹಾದಿ

ಹಾಗಾದರೆ ಔಟ್‌ಲೆಟ್‌ನಿಂದ ನೇರ ರೇಂಜ್‌ಗೆ ಹೋಗಬಹುದೇ? ಎರಡೂ ಅನುಮತಿ ಇದೆಯಲ್ಲ.

ಕಲಂಗಾರ

ಬೇಡ. ಹೊಸ ಬಂದೂಕಿನ ಅನುಮತಿ ‘ಕೈಸೇರಿದ ಜಾಗದಿಂದ ಇಡುವ ಜಾಗಕ್ಕೆ’. ರೇಂಜ್ ಅನುಮತಿಯ ವಾಡಿಕೆ ‘ಮನೆಯಿಂದ ರೇಂಜ್‌ಗೆ, ರೇಂಜ್‌ನಿಂದ ಮನೆಗೆ’. ಎರಡನ್ನೂ ಹೊಲಿದು ಹೊಸ ದಾರಿ ಮಾಡಿಕೊಂಡರೆ ವಾದಿಸಬಹುದು, ನಿಜ. ಆದರೆ ಆ ವಾದವನ್ನು ನ್ಯಾಯಾಧೀಶರ ಮುಂದೆ ಮಾಡುವ ಆಸೆ ಯಾರಿಗಿದೆ? ಮನೆಗೆ ತನ್ನಿ, ಬಿಚ್ಚಿ ಕ್ರಮಸಂಖ್ಯೆ ತಾಳೆ ನೋಡಿ, ಬೀಗ ಹಾಕಿ, ಆಮೇಲೆ ಹೋಗಿ.

ಇನ್ನೊಂದು: ‘ಸಂಗ್ರಹಕ್ಕೆ’ ಎಂಬ ಕಾರಣ ಕೊಟ್ಟು ಕೊಂಡ ಬಂದೂಕಿಗೆ ರೇಂಜ್ ಅನುಮತಿ ತಾನಾಗಿ ಬರುವುದಿಲ್ಲ. 28ನೇ ಕಲಮಿನಡಿ ವರ್ಗಾವಣೆಗೆ ಯಾವ ಉದ್ದೇಶ ಹೇಳಿದ್ದೀರಿ ಎಂಬುದು ಮುಂದಿನ ಎಲ್ಲ ದಾರಿಗಳನ್ನೂ ತೀರ್ಮಾನಿಸುತ್ತದೆ. ಗುರಿ ಅಭ್ಯಾಸ ಅಂತ ಹೇಳಿದರೆ ಕ್ಲಬ್ ಸದಸ್ಯತ್ವದ ಪುರಾವೆ ಕೇಳಬಹುದು, ಅದನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.

ತೂಕದಕಲ್ಲು

ಪ್ಯಾಕಿಂಗ್ ಬಗ್ಗೆ ಯಾರೂ ಹೇಳಿಲ್ಲ, ತೊಂದರೆ ಶುರುವಾಗುವುದೇ ಅಲ್ಲಿಂದ.

ಒಬ್ಬ ವ್ಯಕ್ತಿ ಅಂಚೆಯಲ್ಲಿ ಬಂದೂಕು ಕಳಿಸುವ ನಿಯಮ ಎಸ್‌ಒಆರ್/98-209 ಎಂಬ ಕೇಂದ್ರ ನಿಯಮಾವಳಿಯಲ್ಲಿದೆ. ವಿಳಾಸ ಕೆನಡಾದೊಳಗೇ ಇರಬೇಕು. ಕೆನಡಾ ಪೋಸ್ಟ್ ಕೊಡುವ ಅತಿ ಸುರಕ್ಷಿತ ವಿಧಾನದಲ್ಲೇ, ತಲುಪಿದಾಗ ಸಹಿ ಪಡೆಯುವ ಸೇವೆಯೊಂದಿಗೆ ಕಳಿಸಬೇಕು. ಬಾಗಿಲ ಬಳಿ ಇಟ್ಟುಹೋಗುವ ಆಯ್ಕೆ ಇಲ್ಲವೇ ಇಲ್ಲ. ಕೊರಿಯರ್ ಮೂಲಕ ಕಳಿಸುವುದಾದರೆ ಆ ಕಂಪನಿಗೆ ನಿರ್ಬಂಧಿತ ಬಂದೂಕು ಸಾಗಿಸುವ ಪರವಾನಗಿ ಇರಬೇಕು. ಎಲ್ಲ ಕೊರಿಯರ್‌ಗಳಿಗೂ ಇರುವುದಿಲ್ಲ, ಕೆಲವು ಬೇಡ ಅನ್ನುತ್ತವೆ.

ಪ್ಯಾಕ್ ಮಾಡುವ ಕ್ರಮ ಹೀಗಿರಲಿ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ (ತೋಟೆ ಕೂರುವ ಗೂಡು) ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಟ್ರಿಗರ್ ಲಾಕ್ ಅಥವಾ ಕೇಬಲ್ ಲಾಕ್ ಹಾಕಿ, ಎರಡರಲ್ಲಿ ಒಂದು ಸಾಕು. ಕೇಬಲ್ ಹಾಕುವುದಾದರೆ ಅದು ಆ್ಯಕ್ಷನ್, ಅಂದರೆ ತೋಟೆ ತುಂಬಿ ಹಾರಿಸುವ ಯಂತ್ರಭಾಗದ, ಮೂಲಕ ಹಾದುಹೋಗಬೇಕು, ಟ್ರಿಗರ್ ಗಾರ್ಡ್‌ಗೆ ಸುತ್ತಿದರೆ ಅದು ಬೀಗವಲ್ಲ, ಒಡವೆ. ನಂತರ ಒಳಗಿನದು ಕಾಣದ, ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಗೂ ಬೀಗ. ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಗೆ ಎರಡು ಬೀಗದ ಕಿವಿ ಇದ್ದರೆ ಎರಡಕ್ಕೂ ಬೀಗ ಹಾಕಿ. ಒಂದಕ್ಕೇ ಹಾಕಿದರೆ ಇನ್ನೊಂದು ಮೂಲೆ ಬಾಗಿ ಕೈ ತೂರುವಷ್ಟು ಸಂದಿ ಬಿಡುತ್ತದೆ. ಅದರ ಹೊರಗೆ ಸಾದಾ ರಟ್ಟಿನ ಡಬ್ಬ. ಒಳಗೆ ಸಡಿಲ ಜಾಗ ಬಿಡಬೇಡಿ, ಅಲುಗಾಡಿದರೆ ದೂರ ಸಾಗುವಷ್ಟರಲ್ಲಿ ಡಬ್ಬದ ಮೂಲೆ ಹರಿದು ಪೆಟ್ಟಿಗೆ ಹೊರಗೆ ಇಣುಕುತ್ತದೆ. ಹೊರಗೆ ಬಂದೂಕು ಎಂದು ಸೂಚಿಸುವ ಬರಹ, ತಯಾರಕರ ಲಾಂಛನ ಏನೂ ಬೇಡ. ಕೀಲಿಗಳನ್ನು ಅದೇ ಡಬ್ಬದಲ್ಲಿ ಹಾಕದೆ ಬೇರೆ ಲಕೋಟೆಯಲ್ಲಿ ಕಳಿಸಿ, ಇಲ್ಲವೇ ನಂಬರ್ ಬೀಗ ಹಾಕಿ ನಂಬರನ್ನು ಕೊಳ್ಳುವವರಿಗೆ ಫೋನಿನಲ್ಲಿ ತಿಳಿಸಿ.

ತೋಟೆಗಳು ಅಂಚೆಗೆ ಸಂಪೂರ್ಣ ನಿಷಿದ್ಧ. ‘ಒಂದು ಡಬ್ಬ .22 ಉಚಿತವಾಗಿ ಹಾಕಿದ್ದೇನೆ’ ಎಂಬ ಮಾರುವವರ ಉದಾರತೆ ಇಬ್ಬರಿಗೂ ಕೇಡು.

ಬೀಗಮುದ್ರೆ

ಮ್ಯಾಗಜೀನ್ ಕೂಡ ನೋಡಿ. ಪಿಸ್ತೂಲಿನ ಮ್ಯಾಗಜೀನ್‌ಗೆ ಮಿತಿ 10, ಸೆಂಟರ್‌ಫೈರ್ (ತೋಟೆಯ ತಳದ ನಡುವಿಗೆ ಹೊಡೆತ ಬೀಳುವ) ಸೆಮಿ ಆಟೋ ಉದ್ದ ಬಂದೂಕಿನದಕ್ಕೆ 5. ಮಿತಿಗೆ ಇಳಿಸದ ಹಳೆಯ ಮ್ಯಾಗಜೀನ್ ಡಬ್ಬದ ಮೂಲೆಯಲ್ಲಿ ಉಳಿದಿದ್ದರೆ ಅದು ನಿಷೇಧಿತ ಸಾಧನ. ಬಂದೂಕಿನ ಕಾಗದ ಎಷ್ಟು ಸರಿಯಿದ್ದರೂ ಅದು ಬೇರೆಯದೇ ಪ್ರಕರಣವಾಗುತ್ತದೆ.

ನದಿದಡ

ಪಾರ್ಸಲ್ ಬಂದಾಗ ಮನೆಯಲ್ಲಿ ಹೆಂಡತಿ ಅಥವಾ ಗಂಡ ಮಾತ್ರ ಇದ್ದು, ಅವರಿಗೆ ಪರವಾನಗಿ ಇಲ್ಲದಿದ್ದರೆ? ಅಂಚೆಯವರು ವಿಳಾಸದಲ್ಲಿರುವ ದೊಡ್ಡವರ ಸಹಿ ತೆಗೆದುಕೊಂಡು ಕೊಟ್ಟುಹೋಗುತ್ತಾರಲ್ಲ.

ಕಲಂಗಾರ

ಅಂಚೆಯ ಸಹಿ ನಿಯಮ ಪಾರ್ಸಲ್ ತಲುಪಿತೆಂಬ ಸಾಕ್ಷಿಗೆ ಮಾಡಿದ್ದು, ಬಂದೂಕಿನ ಪರವಾನಗಿ ತಪಾಸಣೆ ಅಲ್ಲ. ಅಂಚೆಯವರು ಕೊಟ್ಟರು ಎಂಬುದು ಉತ್ತರವಾಗುವುದಿಲ್ಲ. ಪರವಾನಗಿ ಇಲ್ಲದವರು ನಿರ್ಬಂಧಿತ ಬಂದೂಕನ್ನು ವಶದಲ್ಲಿ ಇಟ್ಟುಕೊಳ್ಳುವುದು ದಂಡಸಂಹಿತೆಯ 91ನೇ ಕಲಮಿನ ವಿಷಯ. ಪರವಾನಗಿದಾರರು ಪಕ್ಕದಲ್ಲೇ ನಿಂತು ನೇರ ನಿಗಾ ಇಟ್ಟಿದ್ದರೆ ವಿನಾಯಿತಿ ಇದೆ, ಆಫೀಸಿನಲ್ಲಿ ಕೂತಿದ್ದರೆ ಇಲ್ಲ.

ಉಪಾಯ ಸರಳ. ಪಾರ್ಸಲನ್ನು ಮನೆಗೆ ತರಿಸದೆ ಮೊದಲಿನಿಂದಲೇ ಔಟ್‌ಲೆಟ್‌ನಲ್ಲಿ ಇರಿಸುವ ಹಾಗೆ ಕಳಿಸಿ ಅಂತ ಅಂಗಡಿಯವರಿಗೆ ಹೇಳಿ. ಡಬ್ಬದ ಮೇಲಿನ ಹೆಸರು ಪರವಾನಗಿಯ ಮೇಲಿರುವ ಹಾಗೇ ಇರಲಿ. ನಮ್ಮವರಿಗೆ ಇದೊಂದು ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿರುತ್ತದೆ, ಅಂಗಡಿಯ ಖಾತೆಯಲ್ಲಿ ಬರೀ ಇನಿಷಿಯಲ್ ಇರುತ್ತದೆ, ಚಾಲನಾ ಪರವಾನಗಿಯಲ್ಲಿ ಇನ್ನೊಂದು ಕ್ರಮ. ಕೌಂಟರಿನವರು ಗುರುತಿನ ಚೀಟಿ ತಾಳೆಯಾಗಲಿಲ್ಲ ಅಂತ ಕೊಡದೇ ಇದ್ದರೆ ತಪ್ಪು ಅವರದಲ್ಲ. ವರ್ಗಾವಣೆ ಅರ್ಜಿ ಹಾಕುವ ಮುಂಚೆಯೇ ಎಲ್ಲ ಕಡೆ ಒಂದೇ ರೀತಿ ಮಾಡಿಕೊಳ್ಳಿ.

ಪ್ರೇರಿಗಾಳಿ

ವಿಳಾಸವೂ ಅಷ್ಟೇ. ಬಾಡಿಗೆ ಮನೆ ಬದಲಾಯಿಸಿದರೆ 30 ದಿನದೊಳಗೆ ಪರವಾನಗಿಯ ವಿಳಾಸ ಬದಲಾಯಿಸಬೇಕು. ಮನೆಯಲ್ಲಿ ನಿರ್ಬಂಧಿತ ಬಂದೂಕು ಇದ್ದರೆ 30 ದಿನದ ಲೆಕ್ಕ ಸಾಲದು. ಅದನ್ನು ಹೊಸ ಮನೆಗೆ ಒಯ್ಯುವ ಮೊದಲೇ ಪ್ರತ್ಯೇಕ ಎಟಿಟಿ ಬೇಕು. ವಾಸ ಬದಲಾವಣೆ 19ನೇ ಕಲಮಿನಲ್ಲಿ ಒಪ್ಪಿದ ಕಾರಣ, ಆದರೆ ತಾನಾಗಿ ಸಿಗುವ ಪಟ್ಟಿಯಲ್ಲಿಲ್ಲ. ಸಾಮಾನು ಸಾಗಿಸುವ ಲಾರಿಯವರಿಗೆ ಸೋಫಾ ಜೊತೆ ಕೊಟ್ಟು ಕಳಿಸುವ ಯೋಚನೆಯಂತೂ ಬೇಡವೇ ಬೇಡ.

ಹಳೆ ಮನೆ ಖಾಲಿ ಮಾಡಿ, ಹೊಸ ಮನೆಯ ವಿಳಾಸ ದಾಖಲಾಗುವ ಮುಂಚೆ ಅಂಚೆಯಲ್ಲಿ ಬಂದೂಕು ತರಿಸಿಕೊಂಡರೆ ‘ಇಡುವ ಜಾಗ’ ಎಂಬುದೇ ಇರುವುದಿಲ್ಲ. ಆಗ ಔಟ್‌ಲೆಟ್‌ನಿಂದ ಮನೆಗೆ ಎಂಬ ಅನುಮತಿ ತೋರಿಸುವ ದಾರಿಯೇ ಖಾಲಿ ಮನೆಗೆ.

ನದಿದಡ

ಒಟ್ಟಾವಾದವರಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನದಿಯ ಈಚೆ ಒಂಟಾರಿಯೋ, ಆಚೆ ಗ್ಯಾಟಿನೋ ಅಂದರೆ ಕ್ವಿಬೆಕ್. ಸೇತುವೆ ದಾಟಲು ಐದು ನಿಮಿಷ, ಆದರೆ ನಿಮ್ಮ ತಾನಾಗಿ ಸಿಕ್ಕ ಅನುಮತಿ ಸೇತುವೆಯ ನಡುವೆಯೇ ಮುಗಿಯುತ್ತದೆ. ಆ ಕಡೆಯ ಕ್ಲಬ್‌ಗೆ ಹೋಗಬೇಕಾದರೂ, ಆ ಕಡೆಯ ಅಂಗಡಿಯಿಂದ ಕೊಂಡು ಕಾರಿನಲ್ಲಿ ತರಬೇಕಾದರೂ ಪ್ರತ್ಯೇಕ ಎಟಿಟಿ. ಲಾಯ್ಡ್‌ಮಿನ್‌ಸ್ಟರ್ ಇನ್ನೂ ತಮಾಷೆ, ಒಂದೇ ಊರು, ನಡುವೆ ಆಲ್ಬರ್ಟಾ–ಸಸ್ಕಾಚೆವಾನ್ ಗಡಿ.

ತೂಕದಕಲ್ಲು

ಹಾಗಾಗಿಯೇ ಬೇರೆ ಪ್ರಾಂತ್ಯದ ಅಂಗಡಿಯಿಂದ ಕೊಳ್ಳುವವರಿಗೆ ಅಂಚೆಯೇ ಸುಲಭ. ಹಿಮದಹಾದಿಯವರ ಉದಾಹರಣೆಯಲ್ಲಿ ವಿನ್ನಿಪೆಗ್‌ಗೆ ಹೋಗಿ ಕಾರಿನಲ್ಲಿ ತಂದರೆ ಎಟಿಟಿ ಬೇಕು. ಅಂಚೆಯಲ್ಲಿ ತರಿಸಿದರೆ ಮ್ಯಾನಿಟೋಬಾದ ಅಷ್ಟೂ ದಾರಿಯ ಹೊಣೆ ಸಾಗಿಸುವವರದು, ಕೊಳ್ಳುವವರ ಹೊಣೆ ತಮ್ಮ ಊರಿನ ಕೌಂಟರಿನಿಂದ ಶುರು.

ಹಿಮದಹಾದಿ

ಕಾರಿನಲ್ಲಿ ಎಲ್ಲಿ ಇಡಬೇಕು? ಪಾರ್ಸಲ್ ಡಬ್ಬವನ್ನೇ ಹಾಗೇ ತರಬಹುದೇ, ಒಳಗೆ ಬೀಗ ಇದೆಯೋ ಇಲ್ಲವೋ ನೋಡದೆ?

ಬೀಗಮುದ್ರೆ

ಒಳ್ಳೆಯ ಪ್ರಶ್ನೆ, ಯಾರೂ ಕೇಳುವುದಿಲ್ಲ. ನಿಮ್ಮ ವಶಕ್ಕೆ ಬಂದ ಮೇಲೆ ಸಾಗಣೆ ನಿಯಮ ಪಾಲಿಸುವ ಹೊಣೆ ನಿಮ್ಮದು: ಗುಂಡು ತುಂಬಿರಬಾರದು, ಬೀಗ ಹಾಕಿರಬೇಕು, ಬೀಗವಿರುವ ಅಪಾರದರ್ಶಕ ಗಟ್ಟಿ ಪೆಟ್ಟಿಗೆಯಲ್ಲಿರಬೇಕು. ರಟ್ಟಿನ ಡಬ್ಬ ಅಪಾರದರ್ಶಕ ನಿಜ, ಬೀಗ ಹಾಕಿದ ಪೆಟ್ಟಿಗೆ ಅಲ್ಲ. ಅಂಗಡಿಯವರು ಬರೀ ಟ್ರಿಗರ್ ಲಾಕ್ ಹಾಕಿ ತಯಾರಕರ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ್ದರೆ ನೀವು ಕಾರಿನವರೆಗೆ ನಡೆಯುವಷ್ಟರಲ್ಲೇ ಕೊರತೆ ಇದೆ.

ಹಾಗಾಗಿ ‘ಒಳಗೆ ಬೀಗದ ಗಟ್ಟಿ ಪೆಟ್ಟಿಗೆ ಇದೆಯೇ’ ಅಂತ ಆರ್ಡರ್ ಮಾಡುವಾಗಲೇ ಕೇಳಿ. ಇಲ್ಲ ಅಂದರೆ ಇಡೀ ಪಾರ್ಸಲ್ ಹಿಡಿಸುವ ಬೀಗದ ಪೆಟ್ಟಿಗೆಯನ್ನು ಕೌಂಟರಿಗೇ ಒಯ್ಯಿರಿ, ಪಾರ್ಸಲನ್ನು ಬಿಚ್ಚದೆ ಅದರೊಳಗಿಟ್ಟು ಬೀಗ ಹಾಕಿ. ಔಷಧಿ ಅಂಗಡಿಯ ಕೌಂಟರಿನಲ್ಲಿ, ಜನರ ಎದುರು ರೈಫಲ್ ಹೊರತೆಗೆದು ಚೇಂಬರ್ ಪರೀಕ್ಷೆ ಮಾಡಲು ಹೋಗಬೇಡಿ. ನಿಯಮ ಪಾಲನೆಯ ಉತ್ಸಾಹಕ್ಕೆ ಪೊಲೀಸ್ ಬರುತ್ತಾರೆ.

ಕಾರಿನಲ್ಲಿ ಡಿಕ್ಕಿ ಇದ್ದರೆ ಡಿಕ್ಕಿಯಲ್ಲಿ. ಹ್ಯಾಚ್‌ಬ್ಯಾಕ್, ಎಸ್‌ಯುವಿ, ಪಿಕಪ್‌ಗಳಿಗೆ ಬೀಗ ಬೀಳುವ ಡಿಕ್ಕಿ ಇರುವುದಿಲ್ಲ. ಆಗ ಗಾಡಿಯನ್ನು ಬಿಟ್ಟು ಇಳಿಯುವುದಾದರೆ ಪೆಟ್ಟಿಗೆ ಹೊರಗಿನಿಂದ ಕಾಣಬಾರದು, ಬಾಗಿಲುಗಳಿಗೆ ಬೀಗ ಬಿದ್ದಿರಬೇಕು. ನೀವು ಗಾಡಿಯಲ್ಲೇ ಇದ್ದರೆ ಡಿಕ್ಕಿ ಕಡ್ಡಾಯವಲ್ಲ, ಆದರೆ ಪೆಟ್ಟಿಗೆ ಮತ್ತು ಬೀಗ ಕಡ್ಡಾಯ.

ಪ್ರೇರಿಗಾಳಿ

ಮತ್ತೆ ಶಾಶ್ವತ ವಾದ: ದಾರಿಯಲ್ಲಿ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಗೆ ನಿಲ್ಲಿಸಬಹುದೇ?

ಕಲಂಗಾರ

ಷರತ್ತಿನ ಮಾತು ‘ಸನ್ನಿವೇಶಕ್ಕೆ ತಕ್ಕಂತೆ ಸಾಕಷ್ಟು ನೇರವಾದ ದಾರಿ’ ಎಂಬರ್ಥದ್ದು. ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್ ಅಂತ ಬರೆದಿಲ್ಲ. ಪೆಟ್ರೋಲ್ ಹಾಕಿಸುವುದು, ದಾರಿಯಲ್ಲೇ ಇರುವ ಅಂಗಡಿಯಲ್ಲಿ ಕಾಫಿ ಹಿಡಿಯುವುದು ದಾರಿಯ ಭಾಗ ಅಂತ ಸಮರ್ಥಿಸಬಹುದು. ನೆಂಟರ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಸಂಜೆ ಹೋದರಾಯಿತು ಎನ್ನುವುದು ದಾರಿಯಲ್ಲ. ಡಿಕ್ಕಿಯಲ್ಲಿ ಬೀಗ ಹಾಕಿದ್ದೆ ಎಂಬುದು ಭದ್ರವಾಗಿ ಇಡುವ ನಿಯಮಕ್ಕೆ ಉತ್ತರ, ಅಲ್ಲಿಗೆ ಯಾಕೆ ಹೋದಿರಿ ಎಂಬುದಕ್ಕಲ್ಲ. ಅನುಮತಿ ಇಲ್ಲದ ಜಾಗದಲ್ಲಿ ಇಟ್ಟುಕೊಂಡದ್ದಕ್ಕೆ ದಂಡಸಂಹಿತೆಯ 93ನೇ ಕಲಮಿನಲ್ಲಿ ಗರಿಷ್ಠ ಶಿಕ್ಷೆ 5 ವರ್ಷ. ಸಾಗಣೆ ನಿಯಮ ಮುರಿದದ್ದಕ್ಕೆ 86ನೇ ಕಲಮು, ಮೊದಲ ಅಪರಾಧಕ್ಕೆ ಗರಿಷ್ಠ 2 ವರ್ಷ. ವಲಸಿಗರಿಗೆ, ಅದರಲ್ಲೂ ಪೌರತ್ವ ಇನ್ನೂ ಸಿಗದವರಿಗೆ, ಇಂಥ ಅಪರಾಧ ಸಾಬೀತಾದರೆ ದೇಶದಲ್ಲಿ ಉಳಿಯುವ ಹಕ್ಕಿಗೇ ಪೆಟ್ಟು ಬೀಳಬಹುದು. ಕಾಫಿಯನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ.

ಗುಡ್ಡದೂರು

ಪಿಸ್ತೂಲಿನ ವಿಷಯಕ್ಕೆ ಬನ್ನಿ. ಇನ್ನೂ ಅಂಚೆಯಲ್ಲಿ ತರಿಸಬಹುದು ಅಂತ ಕೆಲವರು ಹೇಳುತ್ತಾರೆ.

ಕಲಂಗಾರ

2022ರ ಅಕ್ಟೋಬರ್ 21ರಿಂದ ಸಾಮಾನ್ಯ ವ್ಯಕ್ತಿಗಳಿಗೆ ಪಿಸ್ತೂಲಿನ ವರ್ಗಾವಣೆ ನಿಂತಿದೆ. 2023ರ ಡಿಸೆಂಬರ್ 15ರಂದು ಅಂಗೀಕಾರವಾದ ಸಿ-21 ಅದನ್ನು ಕಾಯ್ದೆಯೊಳಗೇ ಕೂರಿಸಿತು. ವಿನಾಯಿತಿ ಇರುವುದು ಜೀವರಕ್ಷಣೆಗೋ ವೃತ್ತಿಗೋ ಒಯ್ಯುವ ಅನುಮತಿ ಪಡೆದವರಿಗೆ, ಮತ್ತು ಒಲಿಂಪಿಕ್, ಪ್ಯಾರಾಲಿಂಪಿಕ್ ಶೂಟಿಂಗ್ ವಿಭಾಗಗಳಲ್ಲಿ ತೊಡಗಿರುವ, ಅದಕ್ಕೆ ಪತ್ರ ಇರುವ ಕ್ರೀಡಾಪಟುಗಳಿಗೆ, ತರಬೇತುದಾರರಿಗೆ. ಉಳಿದವರಿಗೆ ಕೊಳ್ಳುವ ದಾರಿ ಇಲ್ಲ, ಅಂಚೆಯಲ್ಲೂ ಇಲ್ಲ, ಕೈಯಿಂದ ಕೈಗೂ ಇಲ್ಲ.

ಮೊದಲೇ ನಿಮ್ಮ ಹೆಸರಿನಲ್ಲಿ ನೋಂದಣಿಯಾದದ್ದನ್ನು ಇಟ್ಟುಕೊಳ್ಳಬಹುದು, ರೇಂಜ್‌ಗೆ ಒಯ್ಯಬಹುದು. ರಿಪೇರಿಗೆ ಕಳಿಸುವುದು ವರ್ಗಾವಣೆಯಲ್ಲ, ಒಡೆತನ ಬದಲಾಗುವುದಿಲ್ಲ. ಆದರೆ ರಿಪೇರಿಯ ದಾರಿ 2021ರಿಂದ ತಾನಾಗಿ ಸಿಗುವ ಪಟ್ಟಿಯಿಂದ ಹೊರಬಿದ್ದಿದೆ, ಪ್ರತ್ಯೇಕ ಎಟಿಟಿ ಬೇಕು.

ತೂಕದಕಲ್ಲು

ಇಲ್ಲೇ ಒಂದು ಗುಂಡಿ ಇದೆ. ಪೋಸ್ಟ್ ಆಫೀಸಿನಿಂದ ತರುವುದು ತಾನಾಗಿ ಸಿಗುವ ಅನುಮತಿಯಲ್ಲಿ ಬರುತ್ತದೆ ಅಂದ ಮೇಲೆ ಪೋಸ್ಟ್ ಆಫೀಸಿಗೆ ಒಯ್ಯುವುದೂ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಅನುಮತಿ ಒಮ್ಮುಖ: ಕೈಸೇರಿದ ಜಾಗದಿಂದ ಮನೆಗೆ. ಮಾರಾಟಕ್ಕೆ, ರಿಪೇರಿಗೆ, ಬೆಲೆ ಕಟ್ಟಿಸಲು ಕಳಿಸುವ ವ್ಯಕ್ತಿ ಮನೆಯಿಂದ ಅಂಚೆ ಕೌಂಟರಿನವರೆಗಿನ ದಾರಿಗೆ ಮೊದಲೇ ಎಟಿಟಿ ಕೇಳಬೇಕು. ಅರ್ಜಿಯಲ್ಲಿ ಕಾರಣ, ಕ್ರಮಸಂಖ್ಯೆ, ಅಂಚೆ ಕಚೇರಿಯ ವಿಳಾಸ, ಬೇಕಾದ ದಿನಾಂಕ ಹೇಳಬೇಕಾಗುತ್ತದೆ. ಒಂದೇ ದಿನಕ್ಕೆ ಕೇಳಬೇಡಿ, ಹಿಮಪಾತಕ್ಕೆ ಕೌಂಟರ್ ಮುಚ್ಚಿದರೆ ಮತ್ತೆ ಮೊದಲಿನಿಂದ ಶುರು. ರಿಪೇರಿಯಾದರೆ ವಾಪಸ್ ಬರುವ ದಾರಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಅದು ಹೊಸ ವರ್ಗಾವಣೆ ಅಲ್ಲವಾದ್ದರಿಂದ, ವಾಪಸ್ ಬಂದ ಪಾರ್ಸಲ್‌ಗೆ ‘ಹೊಸದಾಗಿ ಕೈಸೇರಿದ್ದು’ ಎಂಬ ತಾನಾಗಿ ಸಿಗುವ ಅನುಮತಿ ಅಂಟುವುದಿಲ್ಲ.

ಹಿಮದಹಾದಿ

ಅಂದರೆ ಅದೇ ಕೌಂಟರ್, ಅದೇ ಡಬ್ಬ, ಅದೇ ದಾರಿ. ಹೊಸದಾಗಿ ಕೊಂಡದ್ದಾದರೆ ಬೇರೆ ಕಾಗದ ಬೇಡ, ರಿಪೇರಿಯಿಂದ ಬಂದದ್ದಾದರೆ ಬೇಕು?

ಕಲಂಗಾರ

ಹೌದು. ಅಸಂಬದ್ಧ ಅನ್ನಿಸಿದರೆ ತಪ್ಪಿಲ್ಲ. ಕಾಯ್ದೆ ಬರೆದವರು ಅಂಗಡಿಯನ್ನೂ ರೇಂಜನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು, ಅಂಚೆಯನ್ನಲ್ಲ.

ಗುಡ್ಡದೂರು

ಮತ್ತೆ ಗಾಳಿ ಪಿಸ್ತೂಲು? ಅದಕ್ಕೂ ಈ ಎಲ್ಲ ಕಥೆಯೇ?

ಬೀಗಮುದ್ರೆ

ಎರಡು ಅಂಕಿ ನೋಡಿ: ವೇಗ ಸೆಕೆಂಡಿಗೆ 152.4 ಮೀಟರ್, ಅಂದರೆ 500 ಅಡಿ, ಮತ್ತು ಶಕ್ತಿ 5.7 ಜೂಲ್. ಎರಡನ್ನೂ ಮೀರಿದರೆ ಮಾತ್ರ ಪರವಾನಗಿ, ನೋಂದಣಿಯ ಲೆಕ್ಕಕ್ಕೆ ಬರುತ್ತದೆ. ಮೀರಿದ ಗಾಳಿ ಪಿಸ್ತೂಲು ಪಿಸ್ತೂಲೇ, ಮೇಲಿನ ಎಲ್ಲ ಕಥೆಯೂ ಅನ್ವಯ. ಸ್ಪರ್ಧೆಯ 10 ಮೀಟರ್ ಗಾಳಿ ಪಿಸ್ತೂಲುಗಳು ಸಾಮಾನ್ಯವಾಗಿ ಆ ಮಿತಿಯ ಕೆಳಗಿರುತ್ತವೆ, ಅವನ್ನು ಎಟಿಟಿ ಇಲ್ಲದೆ ಒಯ್ಯಬಹುದು. ಪೆಟ್ಟಿಗೆಯ ಮೇಲಿನ ವೇಗದ ಅಂಕಿ ಯಾವ ತೂಕದ ಪೆಲೆಟ್‌ಗೆ ಎಂಬುದನ್ನೂ ಓದಿ. ಹಗುರ ಪೆಲೆಟ್ ಹಾಕಿ ತೋರಿಸಿದ ಅಂಕಿ ಮಿತಿಯನ್ನು ದಾಟಿಸಿಬಿಡಬಹುದು.

ಗುಡ್ಡದೂರು

ಕೊನೆಯದಾಗಿ ಕೊಡಗಿನವರ ಪ್ರಶ್ನೆ. ಅಜ್ಜನ ಕಾಲದ ತೋಕ್ ಮನೆಯಲ್ಲಿದೆ, ಊರಿನಲ್ಲಿ ಲೈಸೆನ್ಸ್ ವಿನಾಯಿತಿ ಇದೆ. ಅಂಚೆಯಲ್ಲೋ ಲಗೇಜಿನಲ್ಲೋ ಕೆನಡಾಕ್ಕೆ ತರಿಸಬಹುದೇ?

ಪ್ರೇರಿಗಾಳಿ

ಆ ವಿನಾಯಿತಿ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಸಿಕ್ಕದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದರ ಬೆಲೆ ಭಾರತದೊಳಗೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ವಿಮಾನ ಹತ್ತುವಾಗ ರಫ್ತಿನ ನಿಯಮ ಶುರು, ಟೊರಾಂಟೋದಲ್ಲಿ ಇಳಿಯುವಾಗ ಕೆನಡಾದ ಆಮದು ನಿಯಮ ಶುರು. ಅಂಚೆಯನ್ನಂತೂ ಮರೆತುಬಿಡಿ.

1898ಕ್ಕೆ ಮುಂಚಿನ ಕೆಲವು ಬಂದೂಕುಗಳು ಕೆನಡಾದಲ್ಲಿ ಪುರಾತನ ಎಂಬ ವರ್ಗಕ್ಕೆ ಬರುತ್ತವೆ, ಅವಕ್ಕೆ ಪರವಾನಗಿ ಬೇಡ. ಆದರೆ ಮನೆಯವರು ‘ಅಜ್ಜನ ಅಜ್ಜನ ಕಾಲದ್ದು’ ಎನ್ನುವುದು ಪುರಾವೆಯಲ್ಲ. ತಯಾರಾದ ವರ್ಷ, ಕ್ಯಾಲಿಬರ್, ಸಿಡಿಸುವ ವಿಧಾನ ಎಲ್ಲಕ್ಕೂ ಆಧಾರ ಬೇಕು.

ತೂಕದಕಲ್ಲು

ಎಲ್ಲರೂ ಬಂದದ್ದನ್ನೇ ಮಾತಾಡಿದಿರಿ, ಬಾರದೇ ವಾಪಸ್ಸಾದದ್ದರ ಬಗ್ಗೆ ಒಂದು ಮಾತು. ಔಟ್‌ಲೆಟ್‌ನಲ್ಲಿ ಪಾರ್ಸಲ್ ಇಟ್ಟುಕೊಳ್ಳುವುದು ಸಾಮಾನ್ಯವಾಗಿ 15 ದಿನ. ಆಮೇಲೆ ಕಳಿಸಿದವರಿಗೆ ವಾಪಸ್. ನಿರ್ಬಂಧಿತ ಬಂದೂಕಿನಲ್ಲಿ ಇದು ಬರೀ ಅಂಚೆ ವೆಚ್ಚದ ಪ್ರಶ್ನೆಯಲ್ಲ. ಅಷ್ಟರಲ್ಲಿ ವರ್ಗಾವಣೆ ಮುಗಿದು ಹಳೆಯ ನೋಂದಣಿ ರದ್ದಾಗಿ, ಕೊಳ್ಳುವವರ ಹೆಸರಿನಲ್ಲಿ ಹೊಸದು ಆಗಿರುತ್ತದೆ. ಮಾರಿದವರು ವ್ಯಕ್ತಿಯಾಗಿದ್ದರೆ ಅವರ ಮನೆಗೆ ವಾಪಸ್ ಬಂದದ್ದು ಬೇರೆಯವರ ಹೆಸರಿನ ಬಂದೂಕು. ಅವರ ಬಳಿ ಅದಕ್ಕೆ ನೋಂದಣಿಯೂ ಇಲ್ಲ, ಕೌಂಟರಿನಿಂದ ಮನೆಗೆ ತರುವ ಎಟಿಟಿಯೂ ಇಲ್ಲ. ಟ್ರ್ಯಾಕಿಂಗ್‌ನಲ್ಲಿ ‘ವಾಪಸ್’ ಅಂತ ಕಂಡ ದಿನವೇ ಇಬ್ಬರೂ ಕೆನಡಿಯನ್ ಫೈರ್‌ಆರ್ಮ್ಸ್ ಪ್ರೋಗ್ರಾಂಗೆ ಫೋನ್ ಮಾಡಿ ವರ್ಗಾವಣೆಯ ಉಲ್ಲೇಖ ಸಂಖ್ಯೆ, ಟ್ರ್ಯಾಕಿಂಗ್ ಸಂಖ್ಯೆ ಎರಡನ್ನೂ ಕೊಟ್ಟು ದಾಖಲು ಮಾಡಿಸಬೇಕು. ಮಾರಿದವರು ಉತ್ತರ ಬರುವ ತನಕ ಅದನ್ನು ಕೌಂಟರಿನಿಂದ ಎತ್ತಬಾರದು.

ಅಂಗಡಿಯಿಂದ ಕೊಂಡಿದ್ದರೆ ತೊಂದರೆ ಕಡಿಮೆ, ಅವರಿಗೆ ವ್ಯಾಪಾರ ಪರವಾನಗಿ ಇರುತ್ತದೆ. ಆದರೂ ಕಾಗದ ಸರಿಪಡಿಸದೆ ಎರಡನೇ ಸಲ ಕಳಿಸಬಾರದು.

ಹಿಮದಹಾದಿ

ಇದು ತಲೆಗೇ ಹೊಳೆದಿರಲಿಲ್ಲ. ಚೀಟಿಯ ಮೇಲಿನ ಕೊನೆಯ ದಿನಾಂಕವನ್ನೂ ಎಟಿಟಿಯ ಕೊನೆಯ ದಿನಾಂಕವನ್ನೂ ಒಟ್ಟಿಗೆ ನೋಡಬೇಕು ಅಂತಾಯಿತು.

ಬೀಗಮುದ್ರೆ

ಎರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮುಂಚೆ ಹೋಗಿ. ಔಟ್‌ಲೆಟ್ ಶನಿವಾರ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತಲೂ ನೋಡಿಕೊಳ್ಳಿ. ಔಷಧಿ ಅಂಗಡಿ ರಾತ್ರಿ ಹತ್ತರವರೆಗೆ ತೆರೆದಿದ್ದರೂ ಒಳಗಿನ ಅಂಚೆ ಕೌಂಟರ್ ಬೇಗ ಮುಚ್ಚಿರುತ್ತದೆ.